ಮನೆಗೆ ಬೀಗ

ಅಧ್ಯಕ್ಷ ಸ್ಥಾನವನ್ನೂ ಅದರ ಪಕ್ಕದ ಅರ್ಧ ಕುರ್ಚಿಯನ್ನೂ ಅಲಂಕರಿಸಿರುವ ಚಿಕ್ಕವೆಂಕಟಪ್ಪನವರೇ, ಇಂದು ನಾವು ಬೀಳ್ಕೊಡುತ್ತಿರುವ ಸಂಶೋಧಕಿ ಪ್ರಮೋದಾ ಮೇಡಂ ಅವರೇ, ಸಾರಿನ ಘಮ ಬಂದರೂ ಎದ್ದು ಹೋಗದ ಮಹಾ ಸಭಿಕರೇ,

ಆರು ತಿಂಗಳ ಹಿಂದೆ ಮೇಡಂ ದೇವನಹಳ್ಳಿ ಕಡೆಯ ನಮ್ಮ ಈ ಊರಿಗೆ ಬಂದು, ಜನರ ಲೈಂಗಿಕ ಬದುಕಿನ ಸಮೀಕ್ಷೆ ಮಾಡಬೇಕೆಂದರು. ಯಾರನ್ನು ಕೇಳುವುದು? ಸಹಾಯಕನಾದ ನಾನು ಸೀದಾ ಅರಳಿಕಟ್ಟೆಗೆ ಹೋದೆ. ಒಂದೇ ಬೆಳಿಗ್ಗೆ ಇಪ್ಪತ್ತು ಗಂಡಸರು ಉತ್ತರಿಸಿದರು. ಉತ್ತರವೇ? ಪುರಾಣ! ನರೇಶನೊಬ್ಬನಿಗೇ ಹಾಳೆಯ ಹಿಂಬದಿಯೂ ಬೇಕಾಯಿತು.

ಮೇಡಂ ಓದಿ ನಕ್ಕು, ಅಷ್ಟನ್ನೂ ಹರಿದರು. "ಕೆಂಪರಾಜು, ಇದು ಊರಿನ ಲೆಕ್ಕ ಅಲ್ಲಪ್ಪ. ಹೇಳ್ಕೊಳ್ಳೋಕೆ ಕಾಯ್ತಾ ಕೂತಿದ್ದವರ ಲೆಕ್ಕ. ಬಾಯಿ ಬಿಡದೋರು ಎಲ್ಲಿ?"

ಆಮೇಲೆ ಮನೆ ನಂಬರುಗಳ ಚೀಟಿ ಮಾಡಿ, ರಾಗಿ ಅಳೆಯುವ ಕೊಳಗದಲ್ಲಿ ಕುಲುಕಿ ಅರವತ್ತು ಎತ್ತಿದೆವು. ಮನೆಗೊಬ್ಬರಂತೆ ಹೆಸರನ್ನೂ ಚೀಟಿಯಲ್ಲೇ ಆರಿಸಿದೆವು. ಚೀಟಿ ಬಂದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುವಂತಿಲ್ಲ. ಹದಿನಾಲ್ಕು ಮನೆಯವರು "ಹೋಗೋ, ಮಾಡೋಕ್ ಕೆಲ್ಸ ಇಲ್ವಾ" ಎಂದರು. ಅದನ್ನೂ ಬರೆದುಕೊಂಡೆವು. ಒಬ್ಬ ಅಜ್ಜಿಯಂತೂ ನನ್ನ ಪ್ರಶ್ನೆ ಕೇಳಿಸಿಕೊಂಡು, ಕೈಯಲ್ಲಿದ್ದ ಸೌದೆ ಕೆಳಗಿಟ್ಟು, "ಇದುನ್ನ ನನ್ನೂ ಕೇಳ್ತಾರಾ ಮಗಾ?" ಎಂದು ಹೊಸ್ತಿಲ ಮೇಲೆ ಕೂತುಬಿಟ್ಟರು. ಅವರು ಏನು ಹೇಳಿದರೆಂದು ನಾನು ಹೇಳುವಂತಿಲ್ಲ. ಆದರೆ ಸಭಿಕರೇ, ಶಿವಗಂಗೆ ಬೆಟ್ಟದ ತುದಿಯಲ್ಲಿ ನಿಂತಾಗಲೂ ನನಗೆ ಅಷ್ಟು ಬೆರಗಾಗಿರಲಿಲ್ಲ. ಕಟ್ಟೆಯ ಇಪ್ಪತ್ತು ಪುರಾಣ ಅಂದು ಕಡಲೆಕಾಯಿ ಸಿಪ್ಪೆಯಾಯಿತು.

ಕೊನೆಗೆ ಒಂದೇ ಮನೆ ಉಳಿಯಿತು. ಚೀಟಿಯಲ್ಲಿ ಅದರ ನಂಬರಿನ ಮುಂದೆ ನಾನು "ಮನೆಗೆ ಬೀಗ" ಎಂದು ಬರೆದಿದ್ದೆ. ಮೇಡಂ ಚೀಟಿ ನೋಡಿದರು, ನನ್ನನ್ನು ನೋಡಿದರು. "ಇದು ನಿಮ್ಮನೆ ಅಲ್ವೇನೋ?"

ಹೌದು, ನಮ್ಮನೆ. ಚೀಟಿಯಲ್ಲಿದ್ದ ಹೆಸರೂ ನನ್ನದೇ. ಬಾಗಿಲು ತೆರೆದೇ ಇತ್ತು, ಇಪ್ಪತ್ತಾರು ವರ್ಷದ ನಾನು ಒಳಗೆ ಕೂತಿದ್ದೆ. ಊರನ್ನೆಲ್ಲ ಕೇಳಿದವನು ಯಾರು? ನಾನು. ದಿನಾ ಸಂಜೆ ಕಟ್ಟೆಯಲ್ಲಿ ನರೇಶನಿಗಿಂತ ದೊಡ್ಡ ಪುರಾಣ ಹೇಳುತ್ತಿದ್ದವನು ಯಾರು? ಅದೂ ನಾನೇ.

ಮೇಡಂ ಬೈಯಲಿಲ್ಲ. "ನೀನು ತಪ್ಪಿಸ್ಕೊಂಡ್ರೆ, ನಿನ್ನಂಥೋರು ಇಲ್ವೇ ಇಲ್ಲ ಅಂತ ನನ್ನ ವರದಿ ಹೇಳುತ್ತೆ ಕಣಪ್ಪ" ಎಂದು ಒಂದು ಲಕೋಟೆ ಕೊಟ್ಟರು.

ಮೇಡಂ, ಇಗೋ ಆ ಲಕೋಟೆ. ಅಂಟಿಸಿದ್ದೇನೆ. ಒಳಗಿರುವುದು ಪರಮ ಗೋಪ್ಯ. ತಡವಾದದ್ದಕ್ಕೆ ಕ್ಷಮಿಸಿ. ಒಂದು ಸೊನ್ನೆ ಬರೆಯಲು ಮೂರು ವಾರ ಹಿಡಿಯಿತು.

ಅಯ್ಯೋ.

ನಗಬೇಡ್ವೋ ನರೇಶಾ, ಅಮ್ಮ ಮುಂದಿನ ಸಾಲಲ್ಲೇ ಕೂತವ್ಳೆ.

ಬಾಗಿಲು ತೆರೆದವರಿಗೂ, ನಮ್ಮ ಮುಖದ ಮೇಲೇ ಹಾಕಿಕೊಂಡವರಿಗೂ, ಕೊನೆಯ ಬೀಗ ತೆರೆಯುವವರೆಗೆ ಕಾದ ಮೇಡಂ ಅವರಿಗೂ ನಾನು ಋಣಿ. ನಮಸ್ಕಾರ.