ಚೊಂಬಿನಲ್ಲಿ ಉಳಿದ ನೀರು

ಒಂದು ಮಂಗಳವಾರ ಮಟಮಟ ಮಧ್ಯಾಹ್ನ ಒಂದೂರಿನ ಅರವಟ್ಟಿಗೆಯ ಮಡಕೆಗಳನ್ನು ಯಾರೋ ಬೋರಲು ಹಾಕಿದರು. ಅಷ್ಟರಿಂದಲೇ ಊರಿಗೆ ತಿಳಿದುಹೋಯಿತು. ಅರವಟ್ಟಿಗೆಯ ಯಜಮಾನ ಹೋಗಿಬಿಟ್ಟ. ಹೇಗೆ ಹೋದ? ನೋಡಿ, ಕೆರೆಯಿಲ್ಲದ, ಹೊಳೆಯಿಲ್ಲದ ಊರಿನಲ್ಲಿ ಆತ ಮುಳುಗಿ ಸತ್ತ.

ನಗಬೇಡಿ. ಕೇಳಿ.

ಆತ ಶ್ರೀಮಂತ. ಮೂವತ್ತು ಬೇಸಿಗೆ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಟ್ಟವನು. ಯಾರಾದರೂ ಸಂಕೋಚಪಟ್ಟರೆ, "ಕೊಟ್ಟ ನೀರನ್ನು ಬೇಡ ಅನ್ನಬಾರದಪ್ಪ, ಕುಡಿ" ಎಂದು ಗದರಿಸಿ ಕುಡಿಸುತ್ತಿದ್ದ. ಅಂಥವನ ಮೂತ್ರಪಿಂಡಗಳೆರಡೂ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಡಾಕ್ಟರು ಅವನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು: "ಇನ್ನು ಇವರು ಕುಡಿದದ್ದು ಹೊರಗೆ ಹೋಗುವುದಿಲ್ಲ ತಾಯಿ, ಮೈಯಲ್ಲೇ ನಿಲ್ಲುತ್ತದೆ. ರಕ್ತದೊತ್ತಡ ಏರುತ್ತದೆ, ಶ್ವಾಸಕೋಶಕ್ಕೂ ನೀರು ನುಗ್ಗುತ್ತದೆ. ದಿನಕ್ಕೆ ಇಷ್ಟೇ ಕೊಡಿ. ಉಪ್ಪೂ ಕಡಿಮೆ ಮಾಡಿ. ಅದು ಹೆಚ್ಚಾದರೆ ಅವರಿಂದ ದಾಹ ತಡೆಯಲಾಗುವುದಿಲ್ಲ."

ಆ ತಾಯಿ ಏನು ಮಾಡಿದಳು? ಅಷ್ಟೇ ನೀರು ಹಿಡಿಯುವ ಒಂದು ಸಣ್ಣ ಹಿತ್ತಾಳೆ ಚೊಂಬು ಇಟ್ಟಳು. ಬೆಳಗ್ಗೆ ತುಂಬುವಳು. ಕಾಫಿಗೂ ಅದರಿಂದಲೇ, ಮಾತ್ರೆ ನುಂಗಲೂ ಅದರಿಂದಲೇ. ಚೊಂಬು ಬರಿದಾದರೆ ಆ ದಿನಕ್ಕೆ ಮುಗಿಯಿತು. ಹಾಗೆ ಎಂಟು ತಿಂಗಳು ಗಂಡನನ್ನು ಉಳಿಸಿಕೊಂಡಳು.

ಆ ವರ್ಷ ಅರವಟ್ಟಿಗೆ ಇಟ್ಟ ದಿನ ಯಜಮಾನ ಬರಲಿಲ್ಲ. ಶನಿವಾರದಿಂದ ಜಗಲಿಯಲ್ಲಿ ಕೂತಿದ್ದ ಅವನನ್ನು ಒಬ್ಬೊಬ್ಬರಾಗಿ ನೋಡಲು ಬಂದರು. ಬರಿಗೈಯಲ್ಲಿ ಬರುತ್ತಾರೆಯೇ? ಒಬ್ಬ ಎಳನೀರು ತಂದ. ಒಬ್ಬಳು ಉಪ್ಪು ಹಾಕಿ ಒಗ್ಗರಿಸಿದ ಮಜ್ಜಿಗೆ ತಂದಳು.

"ನಿಮ್ಮ ಕೈನೀರು ಕುಡಿದು ಬೆಳೆದವಳು ನಾನು, ಮಾವ. ನನ್ನದೊಂದು ಲೋಟ ಬೇಡವೆ?"

"ಬೇಡ ಕಣವ್ವ, ನಿಮ್ಮತ್ತೆ ಬೈತಾಳೆ."

"ಅತ್ತೆ ಒಳಗಿದ್ದಾರೆ ಬಿಡಿ. ಒಂದು ಲೋಟಕ್ಕೆ ಏನಾಗುತ್ತೆ?"

ನಾಲಗೆ ಅಂಗುಳಕ್ಕೆ ಅಂಟಿಕೊಂಡಿದ್ದ ಮನುಷ್ಯ. ಬೇಡ ಅನ್ನಬಾರದೆಂದು ಮೂವತ್ತು ವರ್ಷ ತಾನೇ ಹೇಳಿದವನು. ಕುಡಿದ.

ಒಳಗೆ ಉಪ್ಪಿಲ್ಲದ ಸಾರು ಕುದಿಸುತ್ತಿದ್ದ ಹೆಂಡತಿಗೆ ಇದೊಂದೂ ತಿಳಿಯದು. ಅವಳಿಗೆ ಕಂಡದ್ದು ಬೇರೆ. ಭಾನುವಾರ ಸಂಜೆ ಚೊಂಬಿನಲ್ಲಿ ಅರ್ಧ ನೀರು ಉಳಿದಿತ್ತು. ಸೋಮವಾರ ಮುಟ್ಟಿಯೇ ಇರಲಿಲ್ಲ. ದೇವರು ದಾಹ ಇಳಿಸಿದ ಎಂದು ಕೈಮುಗಿದಳು. ಆದರೆ ಕಾಲೊತ್ತಲು ಕೂತರೆ, ಬೆರಳಿಟ್ಟಲ್ಲಿ ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಅವನಿಗೆ ಮಲಗಲಾಗಲಿಲ್ಲ, ಗೋಡೆಗೊರಗಿ ಕೂತ. ಉಸಿರೆಳೆದಾಗಲೆಲ್ಲ ಎದೆಯೊಳಗಿಂದ ಮಡಕೆ ತುಂಬುವ ಸದ್ದು.

"ಜಗಲಿಯಲ್ಲಿ ಯಾರು ಅಷ್ಟೊಂದು ಜನ?" ಎಂದ.

"ಯಾರೂ ಇಲ್ಲವಲ್ಲ!"

"ಇದ್ದಾರೆ ಕಣೆ. ಲೋಟ ಹಿಡಿದು ಸಾಲಾಗಿ ನಿಂತಿದ್ದಾರೆ. ನನ್ನ ಹತ್ತಿರ ಕುಡಿದವರೆಲ್ಲ. ವಾಪಸು ಕೊಡೋಕೆ ಬಂದಿದ್ದಾರೆ."

ಹೋಗಿ ನೋಡಿದಳು. ಬಿಸಿಲು ಬಿಟ್ಟರೆ ಜಗಲಿಯಲ್ಲಿ ಯಾರೂ ಇಲ್ಲ. ಕಲ್ಲಿನ ಮೇಲೆ ಮಾತ್ರ ಲೋಟದ ತಳದಷ್ಟಗಲ, ಒಣಗಿದ ಬಿಳಿ ಉಂಗುರಗಳು. ಒಂದರ ಪಕ್ಕ ಒಂದು. ಬಾಗಿಲವರೆಗೂ.

ಆ ಸಂಜೆ ಆಕೆ ಒಳಗೆ ದೀಪ ಹಚ್ಚುತ್ತಿದ್ದಾಗ, ಊರಿನಲ್ಲಿ ಪುರಾಣ ಹೇಳುವ ಮುದುಕ ಬಂದ. ಏದುಸಿರು ಕಂಡು ದಾಹವೆಂದುಕೊಂಡ. "ಪ್ರಸಾದಕ್ಕೆ ಅಳತೆ ಎಲ್ಲಿದೆ ಯಜಮಾನರೆ?" ಎಂದು ಒಂದು ಲೋಟ ಪಾನಕವನ್ನು ಕೈಯಾರೆ ಕುಡಿಸಿ ಹೋದ.

ಮಂಗಳವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೂಕ ನೋಡಿದರು. ನಾಲ್ಕು ದಿನದಲ್ಲಿ ಆರು ಕಿಲೊ ಏರಿತ್ತು. ನರ್ಸ್ ಬೆಚ್ಚಿದಳು. "ಅಮ್ಮ, ಎಷ್ಟು ಕುಡಿಸಿದಿರಿ?"

ಆಕೆ ಸೆರಗಿನ ಮರೆಯಲ್ಲಿ ತಂದಿದ್ದ ಚೊಂಬು ತೆಗೆದು ತೋರಿಸಿದಳು. "ನೋಡು ಮಗಳೆ, ನಿನ್ನೆಯ ನೀರು. ತುಂಬಿದ್ದು ತುಂಬಿದ ಹಾಗೇ ಇದೆ."

ಅಷ್ಟು ನೀರನ್ನು ಒಮ್ಮೆಗೇ ಎಳೆದರೆ ರಕ್ತದೊತ್ತಡ ಕುಸಿಯುತ್ತದೆ. ಎಳೆಯದೆ ಬಿಟ್ಟರೆ ಉಸಿರು ಕಟ್ಟುತ್ತದೆ. ಡಾಕ್ಟರು ನಿಧಾನವಾಗಿಯೇ ಶುರುಮಾಡಿದರು. ಇನ್ನೂರರ ಮೇಲಿದ್ದ ಒತ್ತಡ ಎಂಬತ್ತಕ್ಕೆ ಇಳಿಯಿತು. ಆಮೇಲೆ ನಾಡಿಯೇ ಸಿಗಲಿಲ್ಲ. ಅವಳ ಮಡಿಲಲ್ಲಿ ಚೊಂಬಿನ ನೀರು ಅಲುಗದೆ ನಿಂತಿತ್ತು.

ಈಗ ಹೇಳಿ, ಅವನನ್ನು ಮುಳುಗಿಸಿದ್ದು ಯಾರು? ಯಾರೂ ಬಿಂದಿಗೆ ಸುರಿಯಲಿಲ್ಲ. ಒಂದು ಲೋಟ. ಎಲ್ಲರದೂ ಒಂದೇ ಲೋಟ. ಆ ಊರು ಯಾವುದೆಂದು ಹುಡುಕುತ್ತಿದ್ದೀರಾ? ದೂರ ಹೋಗಬೇಡಿ. ಪಾನಕ ಕುಡಿಸಿದ ಮುದುಕ ನಿಮ್ಮೆದುರಿಗೇ ಕೂತಿದ್ದಾನೆ.

ಇನ್ನು ಮೇಲೆ ಇಂಥ ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಿ, ನಾಚಿಕೆ ಬೇಡ. ಮೊದಲು ಮನೆಯಾಕೆಯನ್ನು ಕೇಳಿ: "ಚೊಂಬಿನಲ್ಲಿ ಎಷ್ಟು ಉಳಿದಿದೆ ತಾಯಿ?" ಕೊಡಲೇಬೇಕೆನ್ನಿಸಿದರೆ ಆ ಚೊಂಬಿನಿಂದಲೇ ಒಂದು ಗುಟುಕು ಕೊಡಿ. ಉಪ್ಪಿನಕಾಯಿ, ಹಪ್ಪಳ ಒಯ್ಯಬೇಡಿ. ಕಾಯಿಲೆಯಲ್ಲಿರುವವರೇ, ನೀವು ಬೇಡ ಅನ್ನಿ, ಗಟ್ಟಿಯಾಗಿ ಅನ್ನಿ. ತೀರ್ಥವನ್ನು ಕಣ್ಣಿಗೊತ್ತಿಕೊಂಡರೆ ಸಾಕು. ದೇವರು ಅಷ್ಟೂ ಅರಿಯದವನಲ್ಲ. ಅರಿಯದವರು ನಾವು.

ಎದ್ದು ನಿಂತು ಕೈಮುಗಿಯಿರಿ. ಪರಮಾತ್ಮ, ಊರಿಗೆಲ್ಲ ನೀರು ಕೊಟ್ಟ ಜೀವ ನಿನ್ನ ಬಳಿ ಬಂದಿದೆ. ಅದರ ಬಾಗಿಲಲ್ಲಿ ಇನ್ನು ಯಾರನ್ನೂ ಸಾಲು ನಿಲ್ಲಿಸಬೇಡ. ಹಾಯಾಗಿ ಮಲಗಲಿ. ಅದಕ್ಕೆ ಬಾಯಾರದ ನೆಮ್ಮದಿ ಕೊಡು.