ಕನ್ನಡಿಯಲ್ಲಿ ಕಂಡ ಕೈ

ಕುಯ್ದುಕೊಂಡ ಬೆರಳು ಹಿಡಿದು ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ಬಡಗಿಯ ಕಿವಿಗೆ, ಪಕ್ಕದಲ್ಲಿದ್ದ ಹೆಂಗಸು ಮತ್ತು ಸೇನೆಯ ಲಾರಿ ಡ್ರೈವರನ ಮಾತು ಬಿತ್ತು.

"ಶತ್ರುಗಳು ಗುಂಡಿನ ಮಳೆ ಸುರಿಸ್ತಿದ್ರೂ ಸಿಕ್ಕಿಹಾಕ್ಕೊಂಡಿದ್ದ ನಮ್ಮ ಸೈನಿಕರ ಹತ್ರಕ್ಕೆ ಲಾರೀನ ಹಿಮ್ಮುಖವಾಗಿ ಓಡಿಸ್ಕೊಂಡು ಹೋದ್ಯಂತಲ್ಲಪ್ಪಾ?"

"ಹಿಂದ್ಗಡೆ ಹಿಟ್ಟಿನ ಮೂಟೆ ಇತ್ತಮ್ಮ. ಗುಂಡು ಬಿದ್ರೆ ಅದಕ್ಕೇ ಬೀಳ್ಲಿ ಅಂತ."

"ಹೆದರಿಕೆ ಆಗ್ಲಿಲ್ವಾ?"

"ಜೀವ ಬಾಯಿಗೆ ಬಂದಿತ್ತು. ಆದ್ರೆ ಸಿಕ್ಕಿಹಾಕ್ಕೊಂಡೋರ ಮಧ್ಯದಿಂದ ನಿಮ್ಮ ಮಗ ಕೈ ಬೀಸೋದು ಕನ್ನಡೀಲಿ ಕಾಣಿಸ್ತು."

"ಅಯ್ಯೋ ಮಂಕೇ! ಅವನು ಬರಬೇಡ, ವಾಪಸ್ ಹೋಗು ಅಂತ ಬೀಸಿದ್ನಂತೆ ಕಣೋ!"

"ಗೊತ್ತಿತ್ತಮ್ಮ."

ತಾಯಿ ಅವನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಊರುಗೋಲಿಗೆ ಒರಗಿ ನಿಂತಿದ್ದ ಅವಳ ಮಗ ಕೈ ಬೀಸಿದ.

"ಏಳಪ್ಪಾ," ಎಂದು ಅವಳು ಡ್ರೈವರನ ರಟ್ಟೆ ಹಿಡಿದೆಬ್ಬಿಸಿದಳು. "ಈಗ ನಿಜವಾಗ್ಲೂ ಬಾ ಅಂತಿದಾನೆ."