ಗುಬ್ಬಿ ಪಾಲಿನ ತೆನೆ

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬಸ್ಸಿಗೆ ಕಾದು ಕಾದು ಮಾಸ್ತಪ್ಪನ ತಲೆ ಬಿಸಿಯಾಗಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಬಾಳೆಲೆ ಪೊಟ್ಟಣ ಹಿಡಿದು ಕೂತಿದ್ದಳು. ಅವಳ ಮೈದುನ ಗೊಣಗುತ್ತಿದ್ದ.

"ಸತ್ತ ಗುಬ್ಬೀನ ಯಾರಾದ್ರೂ ಬಸ್ಸಲ್ಲಿ ಒಯ್ತಾರಾ ಅತ್ತಿಗೆ?"

"ದನದ ಡಾಕ್ಟ್ರು ಕೊಯ್ದು ನೋಡ್ಲಿ."

"ನೋಡೋದೇನು? ನಿನ್ನ ಸೊಸೆ ಮನೆಗೆ ಕಾಲಿಟ್ಟ ವಾರಕ್ಕೇ ಗುಬ್ಬಿ ಎಲ್ಲ ಸತ್ವು. ಅವಳ ಕಾಲ್ಗುಣ. ತವರಿಗೆ ಕಳಿಸಿಬಿಡಾಣ."

ಮಾಸ್ತಪ್ಪನ ನಾಲಿಗೆ ತುದಿಗೆ ಬೈಗುಳ ಬಂತು. ಮುದುಕಿಯೇ ಮೊದಲು ಬಾಯಿಬಿಟ್ಟಳು.

"ಕಾಲ್ಗುಣಕ್ಕೆ ಸಾಯೋದಾದ್ರೆ ನಾನು ಬಂದ ವರ್ಷ ನೀನೇ ಸಾಯ್ಬೇಕಿತ್ತು. ಬೆಕ್ಕು ಹಿಡಿದಿಲ್ಲ, ಮೈಮೇಲೆ ಗಾಯ ಇಲ್ಲ. ಜಗಲಿ ಮಾಡಿನ ಸೂರಿಗೆ ಗುಬ್ಬಿಗೆ ಅಂತ ಭತ್ತದ ತೆನೆ ಕಟ್ಟಿದೋರು ಯಾರು?"

"ನಾನೇ. ಪ್ರತಿ ಸುಗ್ಗೀಲೂ ಕಟ್ತೀನಲ್ಲ."

"ಅದೇ ವಾರ ಸೊಳ್ಳೆ ಔಷಧಿಯೋರು ಮಾಡಿಗೆಲ್ಲ ಹೊಡೆದಾಗ ಅದನ್ನ ಇಳಿಸಿದ್ಯಾ?"

"ಗುಬ್ಬಿ ಪಾಲು ಕಟ್ಟಿದ ಮೇಲೆ ಇಳಿಸ್ಬಾರ್ದಲ್ಲ ಅತ್ತಿಗೆ…"

ಬಸ್ಸು ಬಂತು.

"ಹಂಗಾದ್ರೆ ಆ ಔಷಧಿ ತೆನೆ ತಿಂದೇ ಸತ್ವು. ಇನ್ನು ಡಾಕ್ಟ್ರು ಯಾಕೆ, ಮನೆಗೇ ಹೋಗಾಣ," ಎಂದ ಮೈದುನ ಮೆಲ್ಲಗೆ.

"ನನ್ನ ಮಾತು ಊರು ಕೇಳಲ್ಲ. ಡಾಕ್ಟ್ರು ಹೇಳಿದ್ದನ್ನ ಊರಿಗೆ ನೀನೇ ಹೇಳ್ಬೇಕು. ಹುಡುಗಿ ಎಲ್ಲಿಗೂ ಹೋಗಲ್ಲ. ಹತ್ತು."

ಮೈದುನ ಪೊಟ್ಟಣಕ್ಕೆ ಕೈಚಾಚಿ, ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಬಸ್ಸು ಹತ್ತಿದ.